ಕೊನೆಗಾರನಿಗೆ ಅಟೆಂಡೆನ್ಸ್ ಇಲ್ಲ

ನಮ್ಮ ಕ್ಯಾಂಪಸ್ಸಿನಲ್ಲಿ ಸ್ಟಾರ್ಟಪ್ ಬಗ್ಗೆ ಮಾತು ಶುರುವಾದರೆ ಹತ್ತು ನಿಮಿಷದೊಳಗೆ ಯಾರಾದರೂ ಒಬ್ಬರು ಈ ಮಾತು ಹೇಳೇ ಹೇಳ್ತಾರೆ: "ಎಂಪ್ಲಾಯಿ ಅಂತ ಯಾರನ್ನೂ ತಗೋಬಾರ್ದು ಮಗಾ, ಎಲ್ಲರನ್ನೂ ಕಾಂಟ್ರಾಕ್ಟರ್ ಮಾಡ್ಬಿಡೋಣ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ರಜೆ ಇಲ್ಲ, ಬೇಡ ಅನ್ಸಿದ್ರೆ ಮರುದಿನವೇ ಬಿಡಿಸಬಹುದು." ಸುತ್ತ ಕೂತವರೆಲ್ಲ ಹೌದು ಹೌದು ಅಂತಾರೆ. ತಮಾಷೆ ಏನಂದ್ರೆ, ಅದೇ ಗುಂಪಿನಲ್ಲಿ ರಜೆಯಲ್ಲಿ ಇಂಟರ್ನ್‌ಶಿಪ್ಪಿಗೆ ಹೋಗಿ, "ನೀವು ನಮ್ಮ ಎಂಪ್ಲಾಯಿ ಅಲ್ಲ" ಅಂತ ಬರೆದ ಕಾಗದಕ್ಕೆ ಸೈನ್ ಹಾಕಿ, ಮೂರು ತಿಂಗಳು ಬಯೋಮೆಟ್ರಿಕ್ಕಿಗೆ ಹೆಬ್ಬೆಟ್ಟು ಒತ್ತಿ ಬಂದವರೂ ಇರ್ತಾರೆ.

ನಾವು ಹೇಳಬೇಕು ಅಂತಿರೋದು ಇಷ್ಟು. ಕಾಂಟ್ರಾಕ್ಟರ್ ಅನ್ನೋದು ಕಾಗದದ ಮೇಲೆ ಅಂಟಿಸೋ ಲೇಬಲ್ ಅಲ್ಲ. ಒಬ್ಬರನ್ನ ಸ್ವತಂತ್ರ ಗುತ್ತಿಗೆದಾರ ಅಂತ ಕರೀಬೇಕಾದ್ರೆ ಅವರ ಮೇಲಿನ ಹಿಡಿತವನ್ನ ಬಿಟ್ಟುಕೊಡಬೇಕು. ಹಿಡಿತ ಪೂರ್ತಿ ನಮ್ಮ ಕೈಲಿರಲಿ, ಜವಾಬ್ದಾರಿ ಮಾತ್ರ ಬೇಡ ಅಂದ್ರೆ ಕಾನೂನು ಒಪ್ಪಲ್ಲ, ಕೆಲಸವೂ ನೆಟ್ಟಗೆ ಆಗಲ್ಲ. ಇದು ನಮಗೆ ಯಾವ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲೂ ಸಿಕ್ಕಿದ್ದಲ್ಲ. ಕಾನೂನಿನ ಪುಸ್ತಕ ತೆಗೆಯೋ ಮುಂಚೆ ನಮಗೆ ಗೊತ್ತಿದ್ದದ್ದು ಮಾಸ್ತಿಕಟ್ಟೆ ಕಡೆಯ ಅಡಿಕೆ ತೋಟ.

ಮಾಸ್ತಿಕಟ್ಟೆ ಎಲ್ಲಿ ಬರುತ್ತೆ ಅಂತ ಕೇಳೋರಿಗೆ: ಹೊಸನಗರ ತಾಲೂಕಿನಲ್ಲಿ, ಯಡೂರು ದಾಟಿ ಹುಲಿಕಲ್ ಘಾಟಿ ಇಳಿಯೋ ಮುಂಚೆ ಸಿಗೋ ಊರು. ಘಾಟಿ ಇಳಿದರೆ ಹೊಸಂಗಡಿ, ಹಾಗೇ ಮುಂದೆ ಕುಂದಾಪುರ. ಮಳೆಗಾಲದಲ್ಲಿ ಪೇಪರಿನಲ್ಲಿ ಮಾಣಿ, ಯಡೂರು, ಹುಲಿಕಲ್, ಮಾಸ್ತಿಕಟ್ಟೆ ಅಂತ ಮಳೆಯ ಅಂಕಿ ಬರುತ್ತಲ್ಲ, ಅದೇ ಮಾಸ್ತಿಕಟ್ಟೆ. ವಾರಾಹಿ ಯೋಜನೆಯ ಕೆಪಿಸಿ ಕಾಲೊನಿ ಇರೋದು ಇಲ್ಲೇ. ಮಾಣಿ ಅಣೆಕಟ್ಟಿನ ನೀರು ಘಟ್ಟದ ಕೆಳಗಿನ ಭೂಗತ ವಿದ್ಯುದಾಗಾರಕ್ಕೆ ಇಳಿದು 115 ಮೆಗಾವಾಟಿನ ನಾಲ್ಕು ಘಟಕಗಳನ್ನ ತಿರುಗಿಸುತ್ತೆ. (ಎಲೆಕ್ಟ್ರಿಕಲ್‌ನವರು ಪರ್ಮಿಷನ್ ಸಿಕ್ಕರೆ ಒಂದ್ಸಲ ನೋಡಿ ಬರ್ಬೇಕು, ಅದು ಬೇರೆ ವಿಷಯ.) ಕಾಲೊನಿ ಬಿಟ್ಟರೆ ಉಳಿದದ್ದೆಲ್ಲ ಕಾಡು, ಗದ್ದೆ, ತೋಟ. ತೋಟ ಇದ್ದಮೇಲೆ ಗುತ್ತಿಗೆ ಇದ್ದೇ ಇದೆ. ಒಂದು ಎಕರೆ ಅಡಿಕೆ ಇರೋ ಮನೆಯವರು ಮರ ಹತ್ತೋಕೆ ಅಂತ ವರ್ಷಪೂರ್ತಿ ಒಬ್ಬರಿಗೆ ಸಂಬಳ ಕೊಟ್ಟು ಇಟ್ಕೊಳ್ಳೋಕೆ ಆಗುತ್ತಾ? ಮರ ಹತ್ತೋ ಕೆಲಸ ಇರೋದೇ ವರ್ಷಕ್ಕೆ ಕೆಲವು ದಿನ.

ಆ ಕೆಲವು ದಿನಕ್ಕೆ ಬರೋನು ಕೊನೆಗಾರ. ಸಾಗರ, ಶಿರಸಿ ಕಡೆ ಕೊನೆಗೌಡ ಅಂತಲೂ ಹೇಳ್ತಾರೆ. ಕಾಲಿಗೆ ಹಾಕೋ ತಳೆ, ಮರದ ಮೇಲೆ ಕೂರೋ ಮಣೆ, ಹಗ್ಗ, ಕತ್ತಿ ಎಲ್ಲ ಅವನದ್ದೇ. ಒಂದು ಮರದಿಂದ ಇನ್ನೊಂದಕ್ಕೆ ಮೇಲಿಂದ ಮೇಲೇ ಜಿಗಿಯೋದು, ಯಾವ ಸಾಲಿನಿಂದ ಶುರು ಮಾಡಿ ಯಾವ ಸಾಲಿಗೆ ಮುಗಿಸೋದು, ಗಾಳಿ ಜಾಸ್ತಿ ಆದಾಗ ಇಳಿಯೋದು, ಇದೆಲ್ಲ ಅವನ ತೀರ್ಮಾನ. ಯಜಮಾನರು ಕೆಳಗೆ ನಿಂತು "ಆ ಕೊನೆ ಇನ್ನೂ ಎಳಸು, ಬಿಡು" ಅನ್ನಬಹುದು. "ಬಲಗಾಲು ಮೊದಲು ಇಡು" ಅಂತ ಯಾರೂ ಹೇಳಲ್ಲ. ಹೇಳಿದರೆ ಅವನು ಇಳಿದು ಪಕ್ಕದ ತೋಟಕ್ಕೆ ಹೋಗ್ತಾನೆ. ಸುತ್ತ ಹತ್ತಿಪ್ಪತ್ತು ತೋಟದವರು ಅವನ ದಾರಿ ಕಾಯ್ತಿರ್ತಾರೆ. "ಸೋಮವಾರ ಆಗ್ಲಿಕ್ಕಿಲ್ಲ ಗೌಡ್ರೆ, ಬುಧವಾರ ನೋಡಾಣ" ಅಂತ ಹೇಳೋ ಅಧಿಕಾರ ಅವನಿಗಿದೆ. ಅದಕ್ಕೇ ಅವನು ಸ್ವತಂತ್ರ. ಅವನಿಗೆ ಅಟೆಂಡೆನ್ಸ್ ಹಾಕೋಕೆ ಹೊರಟ ಯಜಮಾನರನ್ನ ನಾವಿನ್ನೂ ನೋಡಿಲ್ಲ.

ಮದ್ದು ಹೊಡೆಯೋ ಕೆಲಸದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ಕೊಳೆ ರೋಗ ತಡೆಯೋಕೆ ಮಳೆ ಶುರುವಾಗೋ ಮುಂಚೆ ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ ಹೊಡೀಬೇಕು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಇದು ಸ್ಪೆಸಿಫಿಕೇಶನ್. ದ್ರಾವಣ ಸರಿಯಾಗಿದೆಯಾ ಅಂತ ನೋಡೋಕೆ ಉಜ್ಜಿದ ಕತ್ತಿ ಅಥವಾ ಕಬ್ಬಿಣದ ಮೊಳೆ ಅದ್ದಿ ತೆಗೀತಾರೆ. ಅದರ ಮೇಲೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಇದು ಆಕ್ಸೆಪ್ಟೆನ್ಸ್ ಟೆಸ್ಟ್. ಇವೆರಡೂ ಯಜಮಾನರ ಕೈಲಿರುತ್ತೆ. ಮೇಲೆ ಹತ್ತಿ ಪ್ರತಿ ಗೊನೆಗೂ ಮದ್ದು ತಾಗೋ ಹಾಗೆ ಹೊಡೆಯೋದು ಹೇಗೆ ಅನ್ನೋದು ಹೊಡೆಯೋನ ಕೈಲಿ. ಏನು ಆಗಬೇಕು ಅಂತ ಒಬ್ಬರು ಹೇಳಿದ್ರು, ಹೇಗೆ ಮಾಡೋದು ಅನ್ನೋದನ್ನ ಇನ್ನೊಬ್ಬರಿಗೆ ಬಿಟ್ರು. ಸ್ವತಂತ್ರ ಗುತ್ತಿಗೆ ಅಂದ್ರೆ ಮೂಲದಲ್ಲಿ ಇಷ್ಟೇ. ಸಾಫ್ಟ್‌ವೇರ್ ಕಂಪನಿಗಳು ಇದನ್ನೇ ಇಪ್ಪತ್ತು ಪುಟದ ಅಗ್ರಿಮೆಂಟಿನಲ್ಲಿ ಹೇಳೋಕೆ ಒದ್ದಾಡ್ತವೆ.

ಆಮೇಲೆ ಚೇಣಿ. ಫಸಲನ್ನ ಮರದ ಮೇಲಿರುವಾಗಲೇ ಚೇಣಿದಾರರಿಗೆ ಕೊಡೋದು. ಕೊನೆ ತೆಗೆಸೋದು, ಸುಲಿಸೋದು, ಬೇಯಿಸೋದು, ಒಣಗಿಸೋದು ಎಲ್ಲ ಅವರದ್ದು. ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ಒಣಗಿದ್ದು ವಾಪಸ್ ಕೊಡ್ಬೇಕು ಅಂತಲೋ, ಇಷ್ಟು ದುಡ್ಡು ಅಂತಲೋ ಮಾತಾಗಿರುತ್ತೆ. ಬಿಸಿಲು ಬೀಳದೆ ಅಡಿಕೆ ಕಪ್ಪಾದರೆ, ಮಧ್ಯೆ ರೇಟು ಇಳಿದರೆ ಪೆಟ್ಟು ಬೀಳೋದು ಚೇಣಿದಾರರಿಗೆ. ಲಾಭ ಬಂದರೆ ಅದೂ ಅವರಿಗೇ. ಇಲ್ಲಿ ನಷ್ಟದ ಅಪಾಯವನ್ನೂ ಹೊತ್ಕೊಂಡ ವ್ಯಾಪಾರ ಇದೆ, ಹಾಗಾಗಿ ಇದು ಇನ್ನೂ ಗಟ್ಟಿಯಾದ ಗುತ್ತಿಗೆ.

ಈಗ ಅದೇ ಅಡಿಕೆ ಮನೆಯೊಳಗೆ ಬನ್ನಿ. ರಾತ್ರಿ ಹತ್ತು ಗಂಟೆಗೂ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲೀತಿರೋ ಹೆಂಗಸರು. ಅವರಿಗೂ ದಿನಗೂಲಿ ಇಲ್ಲ, ಕೆ.ಜಿ. ಲೆಕ್ಕ. ಹಾಗಾದ್ರೆ ಅವರೂ ಸ್ವತಂತ್ರ ಗುತ್ತಿಗೆದಾರರಾ? ನಮ್ಮ ಸ್ಟಾರ್ಟಪ್ ಗೆಳೆಯರು ತಕ್ಷಣ ಹೌದು ಅಂತಾರೆ, "ಔಟ್‌ಪುಟ್‌ಗೆ ದುಡ್ಡು ತಾನೇ?" ಅಂತ. ನಮಗೆ ಹಾಗನ್ಸಲ್ಲ. ಕೆಲಸದ ಜಾಗ ಯಜಮಾನರದ್ದು, ಅಡಿಕೆ ಯಜಮಾನರದ್ದು, ಯಾವಾಗ ಶುರು ಯಾವಾಗ ಮುಗಿತಾಯ ಅಂತ ಹೇಳೋರು ಅವರು, ಗೊತ್ತುಮಾಡಿದ ರೇಟಿನ ಮೇಲೆ ಚೌಕಾಸಿ ಇಲ್ಲ, ಅಡಿಕೆ ಬೆಲೆ ಏರಿದರೆ ಅದರ ಲಾಭವೂ ಇವರಿಗಿಲ್ಲ. ತುಂಡು ಲೆಕ್ಕದಲ್ಲಿ ದುಡ್ಡು ಕೊಟ್ಟ ಮಾತ್ರಕ್ಕೆ ಕೂಲಿಯವರು ಗುತ್ತಿಗೆದಾರರು ಆಗಲ್ಲ. ಕನಿಷ್ಠ ವೇತನದ ಕಾನೂನು ಕೂಡ ತುಂಡು ಲೆಕ್ಕದವರನ್ನ ಹೊರಗಿಟ್ಟಿಲ್ಲ.

ಇದು ನಮ್ಮ ಸ್ವಂತ ತರ್ಕ ಅಂತ ಅಂದ್ಕೋಬೇಡಿ. 1956ರ ಕೊನೆಯಲ್ಲೇ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಕೇಸ್ ಬಂದಿತ್ತು. ಗುಜರಾತಿನ ಸೌರಾಷ್ಟ್ರದಲ್ಲಿ ಧ್ರಾಂಗಧ್ರ ಕೆಮಿಕಲ್ ವರ್ಕ್ಸ್ ಅನ್ನೋ ಕಂಪನಿಗೆ ಉಪ್ಪು ತಯಾರಿಸೋ ಅಗರಿಯಾಗಳು. ಅವರು ಹೆಂಡತಿ ಮಕ್ಕಳನ್ನ ಸೇರಿಸ್ಕೊಂಡು ಕೆಲಸ ಮಾಡ್ತಿದ್ರು, ಬೇಕಾದ್ರೆ ಆಳುಗಳನ್ನೂ ಇಟ್ಕೊಳ್ತಿದ್ರು, ತೂಕದ ಲೆಕ್ಕದಲ್ಲಿ ದುಡ್ಡು ತಗೋತಿದ್ರು. ಕಂಪನಿ "ಇವರು ಗುತ್ತಿಗೆದಾರರು" ಅಂತು. ಆದರೆ ಬಾವಿ ತೋಡೋದರಿಂದ ಹಿಡಿದು ಉಪ್ಪು ಹರಳುಗಟ್ಟೋ ತನಕ ಪ್ರತಿ ಹಂತದಲ್ಲೂ ಕಂಪನಿಯ ಮೇಲ್ವಿಚಾರಣೆ ಇತ್ತು. ಅವರು ಕಾರ್ಮಿಕರೇ ಅನ್ನೋ ತೀರ್ಮಾನವನ್ನ ಕೋರ್ಟ್ ಎತ್ತಿಹಿಡೀತು. 1973ರಲ್ಲಿ ಸಿಲ್ವರ್ ಜ್ಯುಬಿಲಿ ಟೈಲರಿಂಗ್ ಹೌಸ್ ಅನ್ನೋ ಅಂಗಡಿಯ ಕೇಸ್. ದರ್ಜಿಗಳಿಗೆ ಒಂದೊಂದು ಬಟ್ಟೆಗೆ ಇಷ್ಟು ಅಂತ ಕೊಡ್ತಿದ್ರು, ಅವರು ಬೇರೆ ಅಂಗಡಿಗೆ ಹೊಲಿಯೋಕೂ ಅಡ್ಡಿ ಇರಲಿಲ್ಲ. ಆದರೂ ಹೊಲಿಗೆ ಮೆಷಿನ್ ಅಂಗಡಿಯದ್ದು, ಹೊಲಿದದ್ದು ಸರಿ ಬರದಿದ್ರೆ ಬಿಚ್ಚಿ ಹೊಲಿಸೋ ಅಧಿಕಾರ ಅಂಗಡಿಯವರದ್ದು. ಅವರೂ ನೌಕರರೇ ಅಂತ ಕೋರ್ಟ್ ಹೇಳ್ತು. 1978ರಲ್ಲಿ ಕಲ್ಲಿಕೋಟೆಯ ಹಗ್ಗದ ಫ್ಯಾಕ್ಟರಿಯ ಕೇಸಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಇನ್ನೂ ಮುಂದೆ ಹೋದರು. ಮಧ್ಯೆ ಎಷ್ಟು ಜನ ಮೇಸ್ತ್ರಿಗಳು ನಿಂತಿದ್ದರೂ ಪರದೆ ಸರಿಸಿ ನೋಡಿ, ಕೆಲಸಗಾರರ ಹೊಟ್ಟೆಪಾಡು ನಿಜವಾಗಿ ಯಾರ ಕೈಲಿದೆಯೋ ಅವರೇ ಮಾಲೀಕರು ಅನ್ನೋದು ಆ ತೀರ್ಪಿನ ಸಾರ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಊಬರ್ ಡ್ರೈವರುಗಳ ಕೇಸಿನಲ್ಲಿ, ಅಗ್ರಿಮೆಂಟಿನಲ್ಲಿ ಏನು ಬರೆದಿದೆ ಅನ್ನೋದರಿಂದಲೇ ತೀರ್ಮಾನ ಶುರು ಮಾಡಬಾರದು ಅಂದಿತು. ಉಪ್ಪಿನ ಪಾತಿಯಿಂದ ಮೊಬೈಲ್ ಆ್ಯಪ್ ತನಕ ಪ್ರಶ್ನೆ ಬದಲಾಗಿಲ್ಲ.

ಇಷ್ಟೆಲ್ಲ ಹಿನ್ನೆಲೆ ಇಟ್ಕೊಂಡು ಈಗ ನಮ್ಮ ಸೀನಿಯರ್ ಒಬ್ಬರ ಕಾಗದ ನೋಡೋಣ. ಬೆಂಗಳೂರಿನ ಒಂದು ಸಣ್ಣ ಕಂಪನಿ, ಹೆಸರು ಬೇಡ. ತಿಂಗಳಿಗೆ 20 ಸಾವಿರದ ಹಾಗೆ ಮೂರು ತಿಂಗಳು. ಅಗ್ರಿಮೆಂಟಿನ ತಲೆಬರಹ "ಇಂಡಿಪೆಂಡೆಂಟ್ ಕಾಂಟ್ರಾಕ್ಟರ್". ಒಳಗೆ ನೋಡಿದ್ರೆ ಬೆಳಿಗ್ಗೆ 9:30ರಿಂದ ಸಂಜೆ 6:30, ಲ್ಯಾಪ್‌ಟಾಪ್ ಕಂಪನಿಯದ್ದು, ರಜೆ ಬೇಕಾದ್ರೆ ಎರಡು ದಿನ ಮುಂಚೆ ಮ್ಯಾನೇಜರ್ ಅಪ್ರೂವಲ್, ಆ ಅವಧಿಯಲ್ಲಿ ಬೇರೆ ಯಾರಿಗೂ ಕೆಲಸ ಮಾಡಬಾರದು, ಬಿಟ್ಟ ಮೇಲೂ ಒಂದು ವರ್ಷ ಇದೇ ಥರದ ಕಂಪನಿಗೆ ಸೇರಬಾರದು. ಕೊನೆಗೆ 10% ಟಿಡಿಎಸ್ ಹಿಡಿದು 54 ಸಾವಿರ ಕೈಗೆ. ನಮ್ಮ ಕೊನೆಗಾರನಿಗೆ ಈ ಕಾಗದ ಓದಿ ಹೇಳಿದ್ರೆ ನಗ್ತಾನೆ.

ಇದರಲ್ಲಿ ಮೂರು ವಿಷಯ ನಮ್ಮ ಓದುಗರಿಗೆ ಉಪಯೋಗಕ್ಕೆ ಬರಬಹುದು. ಬಿಟ್ಟ ಮೇಲೆ ಬೇರೆ ಕಡೆ ಸೇರಬಾರದು ಅನ್ನೋ ಷರತ್ತಿಗೆ ಹೆದರಬೇಕಾಗಿಲ್ಲ, 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ವೃತ್ತಿಗೆ ತಡೆ ಹಾಕೋ ಅಂಥ ಒಪ್ಪಂದ ನಿಲ್ಲಲ್ಲ. (ಕಂಪನಿಯ ಗುಟ್ಟು ಹೊರಗೆ ಹಾಕಬಾರದು ಅನ್ನೋದು ಬೇರೆ, ಅದು ನಿಲ್ಲುತ್ತೆ.) ಟಿಡಿಎಸ್ ಹಿಡಿದ 6 ಸಾವಿರ ಹೋಯ್ತು ಅಂತ ಅಳಬೇಕಾಗಿಲ್ಲ, ತೆರಿಗೆ ಕಟ್ಟೋ ಅಷ್ಟು ಆದಾಯ ಇಲ್ಲದಿದ್ರೆ ರಿಟರ್ನ್ ಫೈಲ್ ಮಾಡಿದರೆ ವಾಪಸ್ ಬರುತ್ತೆ. ಇನ್ನು ಟಿಡಿಎಸ್ ಅನ್ನ ಪ್ರೊಫೆಷನಲ್ ಫೀ ಅಂತ ಹಿಡಿದಾಕ್ಷಣ ನೀವು ಕಾಂಟ್ರಾಕ್ಟರ್ ಆಗಿಬಿಡಲ್ಲ. ಅದು ತೆರಿಗೆಯ ಲೆಕ್ಕ, ನಿಮ್ಮ ಸಂಬಂಧ ಏನು ಅನ್ನೋದು ಬೇರೆ ಲೆಕ್ಕ.

ನಮಗೆ ಅತಿ ವಿಚಿತ್ರ ಅನ್ಸೋದು ಇದು: ಈ ಕಂಪನಿಗಳಲ್ಲಿ ಎಷ್ಟೋ ಇನ್ನೂ ತಮಗೆ ತಾಗದೇ ಇರೋ ಕಾನೂನಿನಿಂದ ತಪ್ಪಿಸ್ಕೊಳ್ಳೋಕೆ ಒದ್ದಾಡ್ತಿವೆ. ಪಿಎಫ್ ಕಡ್ಡಾಯ ಆಗೋದು 20 ಜನ ಆದಮೇಲೆ. ಇಎಸ್‌ಐ 10 ಜನ ಆದಮೇಲೆ. ಐದು ಜನ ಸೇರಿ ಬಾಡಿಗೆ ರೂಮಿನಲ್ಲಿ ಶುರು ಮಾಡಿದ ಸ್ಟಾರ್ಟಪ್ಪಿಗೆ ಇವೆರಡರ ಭಯವೇ ಬೇಕಾಗಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕೆಲಸದ ಗಂಟೆ, ವಾರದ ರಜೆ ಇಷ್ಟನ್ನ ಪಾಲಿಸಿದ್ರೆ ಆಯ್ತು. ಅದನ್ನ ಬಿಟ್ಟು ಎಲ್ಲರಿಗೂ ಸುಳ್ಳು ಗುತ್ತಿಗೆ ಪತ್ರ ಕೊಟ್ಟು, ಮುಂದೆ ಕಂಪನಿ ಬೆಳೆದು ಇನ್ವೆಸ್ಟರ್ ಬಂದು ಹಳೇ ಕಾಗದ ಎಲ್ಲ ತೆಗೆದು ನೋಡುವಾಗ ತಲೆ ಮೇಲೆ ಕೈ ಹೊತ್ಕೊಳ್ಳೋದು ಯಾವ ಬುದ್ಧಿವಂತಿಕೆ?

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಸ್ವತಂತ್ರ ಗುತ್ತಿಗೆದಾರ ಬೇರೆ, ಗುತ್ತಿಗೆ ಕಾರ್ಮಿಕ ಬೇರೆ. ದೊಡ್ಡ ಯೋಜನೆ ಇರೋ ಊರುಗಳಲ್ಲಿ, ದೊಡ್ಡ ಕ್ಯಾಂಪಸ್ಸುಗಳಲ್ಲಿ "ಪರ್ಮನೆಂಟಾ, ಕಾಂಟ್ರಾಕ್ಟಾ?" ಅಂತ ಕೇಳ್ತಾರಲ್ಲ, ಅಲ್ಲಿ ಕಾಂಟ್ರಾಕ್ಟ್ ಅಂದ್ರೆ ಒಬ್ಬ ಗುತ್ತಿಗೆದಾರರ ಕೈಕೆಳಗೆ ಸಂಬಳಕ್ಕೆ ಇರೋ ಕಾರ್ಮಿಕ. ನಮ್ಮ ಹಾಸ್ಟೆಲ್ ಕಸ ಗುಡಿಸೋ ಅಕ್ಕ, ಗೇಟಿನ ಸೆಕ್ಯುರಿಟಿ ಅಣ್ಣ ಬರೋದು ಈ ಲೆಕ್ಕದಲ್ಲಿ. ಇವರಿಗಾಗಿ 1970ರಲ್ಲೇ ಕಾಯ್ದೆ ಬಂತು. 2025ರ ನವೆಂಬರ್ 21ರಂದು ಜಾರಿಯಾದ ಹೊಸ ಕಾರ್ಮಿಕ ಸಂಹಿತೆಯಲ್ಲಿ 20 ಜನರ ಮಿತಿ 50ಕ್ಕೆ ಏರಿದೆ, ಅದು ನಮಗೆ ಇಷ್ಟವಾಗಿಲ್ಲ. ಆದರೆ ಒಂದು ತತ್ವ ಹಾಗೇ ಉಳಿದಿದೆ: ಗುತ್ತಿಗೆದಾರ ಸಂಬಳ ಕೊಡದೆ ಕೈಯೆತ್ತಿದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು, ಆಮೇಲೆ ಬೇಕಾದ್ರೆ ಗುತ್ತಿಗೆದಾರನಿಂದ ವಸೂಲಿ ಮಾಡ್ಕೊಳ್ಳಲಿ. ಚೇಣಿದಾರ ಸುಲಿದವರ ದುಡ್ಡು ಬಾಕಿ ಇಟ್ಟು ಹೋದ ಅಂದ್ರೆ ತೋಟದ ಯಜಮಾನರ ಮನೆ ಬಾಗಿಲಿಗೇ ಜನ ಬರ್ತಾರಲ್ಲ, ಹಾಗೆ.

ಸರಿ, ನಿಜವಾದ ಗುತ್ತಿಗೆದಾರರನ್ನೇ ತಗೊಂಡಿರಿ ಅಂತಿಟ್ಕೊಳ್ಳಿ. ಲೋಗೋ ಮಾಡೋ ಡಿಸೈನರ್, ವೆಬ್‌ಸೈಟ್ ಕಟ್ಟಿಕೊಡೋ ಡೆವಲಪರ್, ಸರ್ಕ್ಯೂಟ್ ಬೋರ್ಡ್ ಲೇಔಟ್ ಮಾಡಿಕೊಡೋ ಸೀನಿಯರ್. ಅವರಿಂದ ಒಳ್ಳೆ ಕೆಲಸ ತಗೊಳ್ಳೋಕೂ ತೋಟದ ರೀತಿಯೇ ಸಾಕು. ಏನು ಬೇಕು ಅನ್ನೋದನ್ನ ಮೈಲುತುತ್ತ ಸುಣ್ಣದಷ್ಟು ಸ್ಪಷ್ಟವಾಗಿ ಹೇಳಿ. ಸರಿಯಾಗಿದೆಯಾ ಅಂತ ಹೇಗೆ ನೋಡ್ತೀರಿ ಅನ್ನೋದನ್ನ ಮೊದಲೇ ತಿಳಿಸಿ, ಕತ್ತಿ ಅದ್ದಿ ನೋಡೋ ಹಾಗೆ. ದಿನಾ ಬೆಳಿಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕರೀಬೇಡಿ. ಬೇರೆಯವರ ಕೆಲಸ ಮಾಡಬೇಡ ಅನ್ನಬೇಡಿ. ಅವರು ಹತ್ತು ಕಡೆ ಕೆಲಸ ಮಾಡೋದೇ ನಿಮಗೆ ಲಾಭ, ಹತ್ತು ಕಡೆಯ ಅನುಭವ ನಿಮಗೆ ಒಂದು ರೇಟಿಗೆ ಸಿಕ್ತಿದೆ.

ಮುಂಗಡದ ಬಗ್ಗೆ ಒಂದು ಮಾತು. ನಮ್ಮ ಕಡೆ ಕೊನೆಗಾರ ಕೈತಪ್ಪಬಾರದು ಅಂತ ಮೊದಲೇ ಮುಂಗಡ ಕೊಡೋದಿದೆ. ಕೆಲಸಕ್ಕೆ ಮುಂಗಡ ತಪ್ಪಲ್ಲ, ಫ್ರೀಲಾನ್ಸ್‌ನಲ್ಲೂ ಕಾಲು ಭಾಗ ಮೊದಲೇ ಕೊಡೋದು ಒಳ್ಳೇದೇ. ಆದರೆ ಮುಂಗಡ ತೀರೋ ತನಕ ಬೇರೆ ಕಡೆ ಹೋಗೋ ಹಾಗಿಲ್ಲ ಅಂತ ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಹತ್ತಿರಕ್ಕೆ ಹೋಗುತ್ತೆ. ತೋಟದವರಿಗೂ ಇದು ಗೊತ್ತಿರಲಿ.

ಎಂಜಿನಿಯರಿಂಗ್ ಓದೋರು ಮುಖ್ಯವಾಗಿ ತಿಳಿಯಬೇಕಾದದ್ದು ಕಾಪಿರೈಟ್. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನೌಕರ ಕೆಲಸದ ಭಾಗವಾಗಿ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದ್ದು. ಸ್ವತಂತ್ರ ಗುತ್ತಿಗೆದಾರ ಬರೆದ ಕೋಡ್, ಬೇರೆ ಬರಹದ ಒಪ್ಪಂದ ಇಲ್ಲದಿದ್ರೆ, ಬರೆದವನದ್ದೇ. "ದುಡ್ಡು ಕೊಟ್ಟಿದೀವಲ್ಲ" ಅನ್ನೋದು ಉತ್ತರ ಆಗಲ್ಲ. ಹಕ್ಕು ವರ್ಗಾವಣೆ ಬರಹದಲ್ಲಿ ಇರಲೇಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ರೆ 5 ವರ್ಷ ಅಂತ, ಎಲ್ಲೆಲ್ಲಿಗೆ ಅಂತ ಬರೆಯದಿದ್ರೆ ಭಾರತದೊಳಗೆ ಮಾತ್ರ ಅಂತ ಕಾಯ್ದೆಯೇ ಲೆಕ್ಕ ಹಾಕುತ್ತೆ. ಅಂದ್ರೆ ಎಲ್ಲರನ್ನೂ ಕಾಂಟ್ರಾಕ್ಟರ್ ಮಾಡ್ಬಿಡೋಣ ಅಂದ ಫೌಂಡರ್‌ಗೆ ತನ್ನ ಆ್ಯಪ್ ತನ್ನದೇನಾ ಅನ್ನೋದೇ ಒಂದು ದಿನ ಪ್ರಶ್ನೆ ಆಗಬಹುದು. ಕೋರ್ಟಿನಲ್ಲಿ "ಅವನು ನಮ್ಮ ಎಂಪ್ಲಾಯಿ ಅಲ್ಲ" ಅಂತ ವಾದಿಸಿ ಗೆದ್ದರೆ ಕೋಡ್ ಹೋಗುತ್ತೆ, "ಎಂಪ್ಲಾಯಿನೇ" ಅಂದ್ರೆ ಹಿಂದಿನ ಬಾಕಿ ಎಲ್ಲ ಬರುತ್ತೆ. ಈ ಪಜೀತಿ ನೋಡೋಕೆ ನಮಗಂತೂ ಖುಷಿ.

ದುಡ್ಡು ತಡ ಮಾಡೋರಿಗೂ ಒಂದು ಮದ್ದಿದೆ. ನೀವು ಫ್ರೀಲಾನ್ಸ್ ಮಾಡೋರಾದ್ರೆ ಉದ್ಯಮ್ ಪೋರ್ಟಲ್‌ನಲ್ಲಿ ಸಣ್ಣ ಉದ್ಯಮ ಅಂತ ನೋಂದಣಿ ಮಾಡಿಸ್ಕೊಳ್ಳಿ, ಫೀ ಇಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಕೆಲಸ ಒಪ್ಪಿದ ಮೇಲೆ ಹೆಚ್ಚೆಂದ್ರೆ 45 ದಿನದೊಳಗೆ ದುಡ್ಡು ಬರಬೇಕು. ತಡವಾದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಈ ಸಾಲನ್ನ ಇನ್‌ವಾಯ್ಸ್ ಕೆಳಗೆ ಬರೆದರೇ ಸಾಕು, "ಅಕೌಂಟ್ಸ್‌ನವರು ರಜೆ ಮೇಲಿದ್ದಾರೆ" ಅನ್ನೋ ನೆಪ ಕಮ್ಮಿ ಆಗಬಹುದು.

ಇನ್ನು ಹಾಸ್ಟೆಲ್ ಗೇಟಿಗೆ ಬಿರಿಯಾನಿ ತರೋ ಅಣ್ಣಂದಿರು. ಅವರನ್ನ ಪಾರ್ಟ್‌ನರ್ ಅಂತ ಕರೀತಾರೆ. ಯಾವ ಆರ್ಡರ್, ಎಷ್ಟು ಹೊತ್ತಲ್ಲಿ, ಎಷ್ಟು ದುಡ್ಡಿಗೆ ಅಂತ ಹೇಳೋದು ಆ್ಯಪ್. ಅವರು ನೌಕರರಾ ಗುತ್ತಿಗೆದಾರರಾ ಅಂತ ನಮ್ಮ ಸರ್ಕಾರಗಳು ನೇರವಾಗಿ ಹೇಳೋಕೆ ಹೋಗಿಲ್ಲ, ಗಿಗ್ ಕಾರ್ಮಿಕ ಅಂತ ಮೂರನೇ ಹೆಸರಿಟ್ಟವು. ಕರ್ನಾಟಕದಲ್ಲಿ 2025ರಲ್ಲಿ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ಬಂತು. ಪ್ರತಿ ಕೆಲಸಕ್ಕೆ ಅವರಿಗೆ ಕೊಡೋ ಮೊತ್ತದ ಮೇಲೆ ಕಂಪನಿ 1ರಿಂದ 5% ಕಲ್ಯಾಣ ಶುಲ್ಕ ಕಟ್ಟಬೇಕು, ಕಾರಣ ತಿಳಿಸಿ 14 ದಿನ ಮುಂಚೆ ನೋಟಿಸ್ ಕೊಡದೆ ಕೆಲಸದಿಂದ ತೆಗೆಯೋ ಹಾಗಿಲ್ಲ. ಇದು ಪೂರ್ತಿ ನ್ಯಾಯ ಅಂತ ನಾವು ಹೇಳಲ್ಲ. ಆದರೆ ಐಡಿ ಬ್ಲಾಕ್ ಆದ ದಿನವೇ ಅನ್ನ ಹೋಗೋ ಸ್ಥಿತಿಗಿಂತ ವಾಸಿ.

ಊರಿನ ಗುತ್ತಿಗೆ ಎಲ್ಲ ಚಂದ, ಬೆಂಗಳೂರಿನದ್ದೆಲ್ಲ ಮೋಸ ಅಂತ ಓದಿಸ್ಕೊಳ್ಳೋ ಅಪಾಯ ಈ ಬರಹಕ್ಕಿದೆ. ಹಾಗಾಗಿ ತೋಟದ ಬಹಳ ಕಷ್ಟದ ವಿಷಯವನ್ನೂ ಹೇಳ್ಬೇಕು. ಕೊನೆಗಾರ ಬೀಳ್ತಾನೆ. ಜಾರೋ ಮರ, ಪಾಚಿ, ಮಳೆ ನಡುವೆ ಸಿಕ್ಕ ಒಂದು ಗಂಟೆಯ ಹೊಳವು. ಪ್ರತಿ ವರ್ಷ ಯಾವುದಾದರೂ ಊರಿನಿಂದ ಸುದ್ದಿ ಬರುತ್ತೆ. ಅವನು ನಿಜವಾದ ಸ್ವತಂತ್ರ ಗುತ್ತಿಗೆದಾರ, ಹಾಗಾಗಿಯೇ ಬಿದ್ದ ದಿನ ಅವನ ಹಿಂದೆ ಯಾವ ಸಂಸ್ಥೆಯೂ ಇಲ್ಲ. ಯಜಮಾನರೇ ಜೀಪು ಮಾಡಿ ಘಾಟಿ ಇಳಿಸಿ ಮಣಿಪಾಲಕ್ಕೆ ಕರ್ಕೊಂಡು ಹೋಗ್ತಾರೆ, ಕೈಲಾದಷ್ಟು ಬಿಲ್ ಕಟ್ತಾರೆ, ಊರವರು ಒಟ್ಟುಮಾಡಿ ಕೊಡ್ತಾರೆ. ಒಳ್ಳೆಯವರ ತೋಟದಲ್ಲಿ ಬಿದ್ದರೆ ಪುಣ್ಯ. ಸೊಂಟ ಮುರಿದು ಮಲಗಿದವನ ಮುಂದಿನ ಹತ್ತು ವರ್ಷಕ್ಕೆ ಆ ಪುಣ್ಯ ಸಾಲಲ್ಲ.

ಕಾನೂನಿನ ಪ್ರಕಾರ ಸರಿಯಾಗಿ ಗುತ್ತಿಗೆ ಕೊಟ್ಟಿದೀವಿ ಅಂದಮಾತ್ರಕ್ಕೆ ನಮ್ಮ ಕೆಲಸ ಮುಗೀತು ಅಂತ ನಾವು ಒಪ್ಪಲ್ಲ. ಸ್ವತಂತ್ರ ಗುತ್ತಿಗೆದಾರನ ರೇಟು ನೌಕರನ ದಿನಗೂಲಿಗಿಂತ ಜಾಸ್ತಿ ಇರಬೇಕಾದದ್ದೇ ಇದಕ್ಕೆ. ಅವನ ವಿಮೆ, ಅವನ ರಜೆ, ಅವನ ಮುಪ್ಪಿನ ದುಡ್ಡು ಎಲ್ಲ ಆ ರೇಟಿನೊಳಗೇ ಬರಬೇಕು. ಅದನ್ನ ಕತ್ತರಿಸಿ ರೇಟು ಇಳಿಸಿದರೆ ಉಳಿಸಿದ ದುಡ್ಡು ಅವನ ಮೈಮೇಲಿಂದ ತೆಗೆದದ್ದು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ. ತೆಂಗಿನ ಮರ ಹತ್ತೋರಿಗೆ ತೆಂಗು ಅಭಿವೃದ್ಧಿ ಮಂಡಳಿ 'ಕೇರಾ ಸುರಕ್ಷಾ' ಅಂತ ಬೇರೆ ವಿಮೆಯನ್ನೇ ಮಾಡಿದೆ. ಹಂಗಾಮು ಶುರುವಾಗೋ ಮುಂಚೆ ತೋಟಕ್ಕೆ ಬರೋ ನಾಲ್ಕು ಜನಕ್ಕೆ ಬ್ಯಾಂಕಿನಲ್ಲಿ ಆ 20 ರೂಪಾಯಿಯ ಫಾರಂ ತುಂಬಿಸೋದು ಯಾವ ಯಜಮಾನರಿಗೂ ಹೊರೆ ಅಲ್ಲ. ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಅದಕ್ಕಿಂತ ದೊಡ್ಡ ಪಾಲಿಸಿಯನ್ನೂ ಮಾಡಿಸಬಹುದು. ನೆಲದ ಮೇಲೇ ನಿಂತು ಕೊನೆ ಇಳಿಸೋ ಕಾರ್ಬನ್ ಫೈಬರ್ ದೋಟಿ ಬಂದಿದೆ, ಬೆಲೆ ಜಾಸ್ತಿ, ಕಲಿಯೋಕೂ ಸಮಯ ಬೇಕು. ಮೆಕ್ಯಾನಿಕಲ್‌ನವರು ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿದ್ರೆ ಇದನ್ನ ಅಗ್ಗ ಮಾಡಿ ತೋರಿಸಲಿ.

ನಮ್ಮ ಕ್ಲಬ್ಬೂ ಇದರಿಂದ ಹೊರಗಿಲ್ಲ. ಪ್ರತಿ ವರ್ಷ ಫೆಸ್ಟಿಗೆ ಪೋಸ್ಟರ್, ವಿಡಿಯೋ ಎಡಿಟಿಂಗ್, ಸ್ಟೇಜ್ ಲೈಟಿಂಗ್ ಅಂತ ಜೂನಿಯರ್‌ಗಳಿಗೋ ಹೊರಗಿನವರಿಗೋ ಕೆಲಸ ಕೊಡ್ತೀವಿ. ಎಲ್ಲ ಬಾಯಿಮಾತು. ಕೊನೆ ದಿನ ತನಕ "ಬಣ್ಣ ಬದಲಾಯಿಸು, ಫಾಂಟ್ ಬದಲಾಯಿಸು" ಅಂತ ರಾತ್ರಿ ಎರಡು ಗಂಟೆಗೆ ಮೆಸೇಜ್, ಫೆಸ್ಟ್ ಮುಗಿದ ಮೇಲೆ ಫೋನೇ ತೆಗೆಯಲ್ಲ. ಈ ವರ್ಷದಿಂದ ಒಂದು ಹಾಳೆಯ ಕನ್ನಡ ಒಪ್ಪಂದ ಮಾಡೋಣ ಅನ್ನೋದು ನಮ್ಮ ಪ್ರಸ್ತಾಪ: ಏನು ಮಾಡಿಕೊಡ್ಬೇಕು, ಯಾವತ್ತಿಗೆ, ಎಷ್ಟು ಸಲ ತಿದ್ದುಪಡಿ, ಎಷ್ಟು ದುಡ್ಡು ಮತ್ತೆ ಯಾವ ತಾರೀಖಿಗೆ, ಹಕ್ಕು ಯಾರದ್ದು, ಲೈಟಿಂಗ್ ಕಂಬ ಹತ್ತೋರ ವಿಮೆ ಯಾರು ಮಾಡಿಸೋದು. ಕರಡು ಅರ್ಧ ಆಗಿದೆ. ಲಾ ಓದ್ತಿರೋ ಅಣ್ಣನೋ ಅಕ್ಕನೋ ನಿಮ್ಮನೆಯಲ್ಲಿದ್ರೆ ಒಂದ್ಸಲ ತೋರಿಸಿ, ಶುಕ್ರವಾರ ಸಂಜೆ ಕ್ಲಬ್ ರೂಮಿಗೆ ತಿದ್ದಿದ ಪ್ರತಿ ತನ್ನಿ.